ಕುಣಿಸುವವನಿಗೆ ಸಿಟ್ಟು ಬಂದಾಗ

1996ರಲ್ಲಿ ಅಮೆರಿಕದ ಮೊಬಿ ಎಂಬ ಸಂಗೀತಗಾರ ‘ಅನಿಮಲ್ ರೈಟ್ಸ್’ ಎಂಬ ಆಲ್ಬಂ ಹೊರತಂದ. ಅದುವರೆಗೂ ಅವನು ಕುಣಿಸುವವನು. ಯಂತ್ರಗಳನ್ನು ಮುಂದಿಟ್ಟುಕೊಂಡು ಎಲೆಕ್ಟ್ರಾನಿಕ್ ನಾದ ಹೊರಡಿಸಿ ಕ್ಲಬ್ಬುಗಳಲ್ಲಿ ರಾತ್ರಿಯಿಡೀ ಜನರನ್ನು ಕುಣಿಸುತ್ತಿದ್ದವನು. 1991ರ ಅವನ ‘ಗೋ’ ಇಂಗ್ಲೆಂಡಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಹತ್ತರೊಳಗೆ ಬಂದಿತ್ತು. 1993ರ ‘ಥೌಸಂಡ್’ನಲ್ಲಿ ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಪೆಟ್ಟು ಕೂಡಿಸಿ ಗಿನ್ನೆಸ್ ದಾಖಲೆಗೂ ಹೋಗಿದ್ದ. 1995ರ ‘ಎವೆರಿಥಿಂಗ್ ಈಸ್ ರಾಂಗ್’ ಬಂದಾಗ ವಿಮರ್ಶಕರು ಮೆಚ್ಚಿಕೊಂಡರು. ಮರುವರ್ಷವೇ ಈ ಮನುಷ್ಯ ಗಿಟಾರು ಎತ್ತಿಕೊಂಡು ಗಂಟಲು ಹರಿಯುವಂತೆ ಕಿರುಚಿ ಪಂಕ್ ರಾಕ್ ಹಾಡಿದ. ಕುಣಿಯುತ್ತಿದ್ದವರು ದೂರವಾದರು. ಪಂಕ್ ಕೇಳುವವರು ‘ಇವನು ನಮ್ಮವನಲ್ಲ’ ಎಂದರು. ಆಲ್ಬಂ ಸೋತಿತು. ಅಂದಿನಿಂದ ಇಂದಿನವರೆಗೂ ಅದರ ಬಗ್ಗೆ ಬರೆಯುವವರ ಬಾಯಲ್ಲಿ ಒಂದೇ ಮಾತು: ಅಚ್ಚರಿ.

ಈ ‘ಅಚ್ಚರಿ’ ಎಂಬ ಮಾತನ್ನು ಸ್ವಲ್ಪ ನಿಲ್ಲಿಸಿ ಕೇಳಬೇಕೆಂದು ನನಗನ್ನಿಸುತ್ತದೆ. ಮಧುಗಿರಿಯಲ್ಲಿ ಕೂತು, ಅದೂ ದಲಿತ ವಿಮರ್ಶೆಯ ಸಂಚಿಕೆಗೆ, ಯಾರೋ ಬಿಳಿಯ ಹಾಡುಗಾರನ ಸುದ್ದಿ ಯಾಕಯ್ಯಾ ಎಂದು ಗೆಳೆಯರು ಕೇಳಬಹುದು. ಕಾರಣವಿದೆ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ಊರುಗಳಲ್ಲೂ ಕುಣಿಸುವವನು ಒಬ್ಬ ಇದ್ದಾನೆ. ಜಾತ್ರೆಯಲ್ಲಿ ಅವನು ತಮಟೆ ಬಡಿದರೆ ಊರೇ ಕುಣಿಯುತ್ತದೆ. ಅವನಿಗೆ ಸಿಟ್ಟು ಬಂದ ದಿನ ಊರು ಹೇಗೆ ನಡೆದುಕೊಂಡಿತು, ನಾವು, ಅಂದರೆ ಚಳವಳಿಯವರು, ಬರೆಯುವವರು, ಹೇಗೆ ನಡೆದುಕೊಂಡೆವು ಎಂಬುದನ್ನು ನೇರವಾಗಿ ನೋಡಿಕೊಳ್ಳಲು ನಮಗೆ ಸಂಕೋಚ. ದೂರದವನ ಕಥೆಯ ಮೂಲಕ ನೋಡಿಕೊಂಡರೆ ಕೆಲವು ಸಂಗತಿಗಳು ಹೊಳೆಯುತ್ತವೆ. ಮೊಬಿಯ ಹಾಡನ್ನು ನನಗೆ ಕೇಳಿಸಿದವನು ನನ್ನ ವಿದ್ಯಾರ್ಥಿಯೇ. ಮನೆಯಲ್ಲಿ ತೆಲುಗು ಆಡುವ ಪಾವಗಡ ಕಡೆಯ ಹುಡುಗ. ಮೊಬೈಲನ್ನು ನನ್ನ ಕಿವಿಗೆ ಹಿಡಿದು “ಸಾ, ಇವ್ನು ಮೊದ್ಲು ಡಿಜೆ ಅಂತೆ, ಆಮೇಲೆ ಯಾಕಿಂಗಾದ?” ಎಂದು ಕೇಳಿದ್ದ. ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಈ ಲೇಖನವಾಯಿತು.

ಮೊದಲನೆಯದಾಗಿ, ಅದು ಹೊರಳುವಿಕೆಯೇ ಅಲ್ಲ. ಮೊಬಿಯ ನಿಜ ಹೆಸರು ರಿಚರ್ಡ್ ಮೆಲ್ವಿಲ್ ಹಾಲ್. ಹುಟ್ಟಿದ್ದು 1965ರಲ್ಲಿ ನ್ಯೂಯಾರ್ಕಿನಲ್ಲಿ. ಬೆಳೆದದ್ದು ಕನೆಕ್ಟಿಕಟ್ ರಾಜ್ಯದ ಡೇರಿಯನ್ ಎಂಬ ಶ್ರೀಮಂತರ ಊರಿನಲ್ಲಿ, ಒಂಟಿ ತಾಯಿಯ ಬಡ ಮಗನಾಗಿ. 1980ರ ದಶಕದ ಆರಂಭದಲ್ಲಿ, ಇನ್ನೂ ಹುಡುಗನಾಗಿದ್ದಾಗಲೇ, ಅವನು ‘ವ್ಯಾಟಿಕನ್ ಕಮಾಂಡೋಸ್’ ಎಂಬ ಪಂಕ್ ತಂಡದಲ್ಲಿ ಗಿಟಾರು ಬಾರಿಸುತ್ತಿದ್ದ. ಅಂದರೆ 1996ರಲ್ಲಿ ಅವನು ಹೊಸ ಮನೆ ಹೊಕ್ಕಿದ್ದಲ್ಲ, ಹಳೆಯ ಮನೆಗೆ ಹಿಂತಿರುಗಿದ್ದು. ಸಿಟ್ಟು ಅವನೊಳಗೆ ಮೊದಲಿನಿಂದಲೂ ಇತ್ತು. ಮಾರುಕಟ್ಟೆ ಅವನಿಗೆ ‘ಕುಣಿಸುವವನು’ ಎಂಬ ಜಾಗ ಗೊತ್ತುಮಾಡಿ ಕೊಟ್ಟಿತ್ತು. ಆ ಜಾಗ ಬಿಟ್ಟು ಎದ್ದದ್ದಕ್ಕೆ ‘ಅಚ್ಚರಿ’ ಎಂದು ಹೆಸರಾಯಿತು. ಜಾಗ ಗೊತ್ತುಮಾಡಿದವರಿಗಷ್ಟೇ ಅಚ್ಚರಿಯಾಗುತ್ತದೆ.

ಈ ಮಾತು ನಮಗೆ ಹೊಸದಲ್ಲ. ಕನ್ನಡ ವಿಮರ್ಶೆ ದಲಿತ ಲೇಖಕರ ವಿಷಯದಲ್ಲಿ ಇದೇ ಅಚ್ಚರಿಯನ್ನು ಮತ್ತೆ ಮತ್ತೆ ನಟಿಸಿದೆ. 1975ರ ‘ಹೊಲೆಮಾದಿಗರ ಹಾಡು’ ಬರೆದ ಸಿದ್ಧಲಿಂಗಯ್ಯ ಸಿನಿಮಾಕ್ಕೆ ಪ್ರೇಮಗೀತೆ ಬರೆದಾಗ, ಗ್ರಾಮದೇವತೆಗಳ ಹಿಂದೆ ಹೋದಾಗ ‘ಸಿಟ್ಟು ಆರಿತು’ ಎಂದರು. ದೇವನೂರ ಮಹಾದೇವ ‘ಕುಸುಮಬಾಲೆ’ಯಲ್ಲಿ ಮಾತನ್ನು ಹಾಡಿನ ಹತ್ತಿರಕ್ಕೆ ಒಯ್ದಾಗ ‘ಇದು ಯಾರಿಗೆ ಅರ್ಥವಾಗುತ್ತದೆ’ ಎಂದರು. ನಮ್ಮ ತುಮಕೂರಿನ ಕೆ.ಬಿ. ಸಿದ್ಧಯ್ಯನವರದಂತೂ ಕಣ್ಣೆದುರಿನ ಉದಾಹರಣೆ. ಇಂಗ್ಲಿಷ್ ಪಾಠ ಮಾಡುತ್ತ, ದಲಿತ ಸಂಘರ್ಷ ಸಮಿತಿಯಲ್ಲಿ ಬೀದಿಗಿಳಿದು ಕೂಗಿದ ಮನುಷ್ಯ ‘ಬಕಾಲ’, ‘ದಕ್ಲಕಥಾದೇವಿ ಕಾವ್ಯ’, ‘ಅನಾತ್ಮ’, ‘ಗಲ್ಲೆಬಾನಿ’ ಎಂಬ ಖಂಡಕಾವ್ಯಗಳನ್ನು ಬರೆದರು. ಅಲ್ಲಿ ಕೂಗಿಲ್ಲ. ಕತ್ತಲು, ಬೆಳಕು, ಹುಟ್ಟು, ಸಾವುಗಳ ಧ್ಯಾನವಿದೆ. ‘ಹೋರಾಟಗಾರ ಅನುಭಾವಿಯಾಗಿಬಿಟ್ಟ’ ಎಂದು ಬೇಸರಪಟ್ಟವರಲ್ಲಿ ನಮ್ಮವರೂ ಇದ್ದರು. ಮೊಬಿ ಕುಣಿತದಿಂದ ಸಿಟ್ಟಿಗೆ ಹೋದರೆ ಅಚ್ಚರಿ, ಸಿದ್ಧಯ್ಯ ಸಿಟ್ಟಿನಿಂದ ಧ್ಯಾನಕ್ಕೆ ಹೋದರೆ ಅಚ್ಚರಿ. ದಾರಿ ತಿರುಗುಮುರುಗಾದರೂ ಅಳತೆಗೋಲು ಒಂದೇ. ಸಿದ್ಧಯ್ಯ 2019ರಲ್ಲಿ ತೀರಿಕೊಂಡರು. ಆಮೇಲೆ ಲಕ್ಷ್ಮಣ ಕೆ.ಪಿ. ಅವರ ನಿರ್ದೇಶನದಲ್ಲಿ ಅವರ ಕಾವ್ಯ ರಂಗದ ಮೇಲೆ ಬಂದಾಗ ಅದರ ಜೊತೆಗೆ ಬಂದದ್ದು ಅರೆ ಮತ್ತು ತಮಟೆ. ಧ್ಯಾನವೆಂದು ಪಕ್ಕಕ್ಕಿಟ್ಟ ಆ ಸಾಲುಗಳ ಒಳಗೆ ಕೇರಿಯ ಬಡಿತ ಇದ್ದೇ ಇತ್ತು. ನಮ್ಮ ಕಿವಿಯೇ ಮುಚ್ಚಿತ್ತು.

ಎರಡನೆಯ ಸಂಗತಿ ಇನ್ನೂ ಮುಖ್ಯವಾದದ್ದು. ಮೊಬಿಯನ್ನು ಬಿಟ್ಟುಹೋದ ಕುಣಿತದವರೂ, ಅವನನ್ನು ಒಳಗೆ ಬಿಟ್ಟುಕೊಳ್ಳದ ಪಂಕ್‌ನವರೂ ಒಂದು ವಿಷಯದಲ್ಲಿ ಒಪ್ಪಿದ್ದರು: ಕುಣಿತವೇ ಬೇರೆ, ಸಿಟ್ಟೇ ಬೇರೆ. ಕುಣಿತ ಮೈಯದು, ಸಿಟ್ಟು ವಿಚಾರದ್ದು. ಈ ಭೇದ ಎಲ್ಲಿಂದ ಬಂತು?

ಚರಿತ್ರೆ ನೋಡಿದರೆ ಬೇರೆಯೇ ಚಿತ್ರ ಸಿಗುತ್ತದೆ. ಎಲೆಕ್ಟ್ರಾನಿಕ್ ಕುಣಿತದ ಸಂಗೀತ ಹುಟ್ಟಿದ್ದು ಹೊರಗಿಟ್ಟವರ ನಡುವೆ. ಶಿಕಾಗೋ ನಗರದ ‘ವೇರ್‌ಹೌಸ್’ ಎಂಬ ಕ್ಲಬ್ಬಿನಲ್ಲಿ 1977ರಿಂದ ಫ್ರಾಂಕಿ ನಕಲ್ಸ್ ಎಂಬ ಕಪ್ಪು ಕಲಾವಿದ ತಟ್ಟೆ ತಿರುಗಿಸುತ್ತಿದ್ದ. ಅಲ್ಲಿಗೆ ಬರುತ್ತಿದ್ದವರು ಹೆಚ್ಚಾಗಿ ಕಪ್ಪು ಮತ್ತು ಲ್ಯಾಟಿನ್ ಸಲಿಂಗಿಗಳು. ಬಿಳಿಯರ ಊರಿಗೂ ಬೇಡವಾದವರು, ಸ್ವಂತ ಮನೆಗೂ ಬೇಡವಾದವರು. ‘ಹೌಸ್’ ಎಂಬ ಸಂಗೀತಕ್ಕೆ ಆ ಕ್ಲಬ್ಬಿನಿಂದಲೇ ಹೆಸರು ಬಂತೆನ್ನುತ್ತಾರೆ. ಟೆಕ್ನೊ ಕಟ್ಟಿದವರು ಡೆಟ್ರಾಯಿಟ್ ಬಳಿಯ ಮೂವರು ಕಪ್ಪು ಹುಡುಗರು: ಹ್ವಾನ್ ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್. ಅದೇ ಶಿಕಾಗೋದ ಕಮಿಸ್ಕಿ ಪಾರ್ಕ್ ಎಂಬ ಆಟದ ಮೈದಾನದಲ್ಲಿ 1979ರ ಜುಲೈ 12ರಂದು, ಎರಡು ಬೇಸ್‌ಬಾಲ್ ಪಂದ್ಯಗಳ ನಡುವೆ, ರಾಕ್ ಅಭಿಮಾನಿಗಳು ರಾಶಿ ಹಾಕಿದ ಡಿಸ್ಕೋ ತಟ್ಟೆಗಳನ್ನು ಸಿಡಿಸಿ ಸುಟ್ಟರು. ಅಲ್ಲಿ ಅಂದು ಕೆಲಸಕ್ಕಿದ್ದ ವಿನ್ಸ್ ಲಾರೆನ್ಸ್ ಎಂಬ ಕಪ್ಪು ಹುಡುಗ, ಮುಂದೆ ಅವನೇ ಹೌಸ್ ಸಂಗೀತ ಕಟ್ಟಿದವರಲ್ಲಿ ಒಬ್ಬನಾದ, ಹೇಳುವ ಪ್ರಕಾರ ಜನ ತಂದಿದ್ದ ತಟ್ಟೆಗಳಲ್ಲಿ ಡಿಸ್ಕೋ ಅಲ್ಲದ ಕಪ್ಪು ಸಂಗೀತವೂ ಇತ್ತು. ಸುಡುವವರಿಗೆ ತಾಳ ಮುಖ್ಯವಾಗಿರಲಿಲ್ಲ. ಯಾರ ತಾಳ ಎಂಬುದು ಮುಖ್ಯವಾಗಿತ್ತು.

ಪಂಕ್ ಬಿಳಿಯರದಷ್ಟೇ ಎಂದು ನಾನು ಹೇಳುತ್ತಿಲ್ಲ. ‘ಬ್ಯಾಡ್ ಬ್ರೇನ್ಸ್’ನಂಥ ಕಪ್ಪು ಪಂಕ್ ತಂಡವಿತ್ತು, 1976ರಲ್ಲಿ ಇಂಗ್ಲೆಂಡಿನಲ್ಲಿ ಜನಾಂಗದ್ವೇಷದ ವಿರುದ್ಧ ಶುರುವಾದ ಚಳವಳಿಯಲ್ಲಿ ಪಂಕ್ ತಂಡಗಳೂ ಜಮೈಕಾ ಮೂಲದ ರೆಗೆ ತಂಡಗಳೂ ಒಂದೇ ವೇದಿಕೆ ಹತ್ತಿದವು. ನಾನು ಹೇಳುತ್ತಿರುವುದು ಇಷ್ಟು: ‘ಕುಣಿತ ಹಗುರ, ಕೂಗು ಗಂಭೀರ’ ಎಂಬ ಮೇಲುಕೀಳಿನಲ್ಲಿ ಒಂದು ಜಾತಿ ಇದೆ. ಹೊರಗಿಟ್ಟವರು ಒಂದು ರಾತ್ರಿ ಭಯವಿಲ್ಲದೆ ಮೈಮರೆತು ಕುಣಿಯುವುದು ಎಷ್ಟು ದೊಡ್ಡ ಪ್ರತಿಭಟನೆ ಎಂಬುದು ಒಳಗಿದ್ದವರಿಗೆ ತಿಳಿಯುವುದಿಲ್ಲ.

ಈಗ ನಮ್ಮ ನಾಲ್ಕು ತಾಲ್ಲೂಕಿಗೆ ಬರೋಣ. ನಮ್ಮ ತಾತ ತಮಟೆ ಬಡಿಯುತ್ತಿದ್ದ. ಊರಹಬ್ಬಕ್ಕೆ, ಮಾರಿಗೆ ಕೋಣ ಹೊಡೆಯುವಾಗ, ಹೆಣದ ಮುಂದೆ, ಟಾಂಟಾಂ ಸಾರಲು ತಮಟೆ ಬೇಕು, ಅದಕ್ಕೆ ಮಾದಿಗ ಬೇಕು. ಕೂಲಿ ಅಂತ ಇರಲಿಲ್ಲ. ಹಬ್ಬದ ಅನ್ನ, ಕಣದಲ್ಲಿ ಒಂದಿಷ್ಟು ರಾಗಿ. ಗುಡಿಯ ಮುಂದೆ ದೇವರನ್ನೇ ಕುಣಿಸುವ ಈ ಮನುಷ್ಯನಿಗೆ ಗುಡಿಯ ಮೆಟ್ಟಿಲು ಹತ್ತಲು ಮಾತ್ರ ಇಲ್ಲ. ತಾತನ ಕೈಯಲ್ಲಿದ್ದದ್ದು ಕಲೆಯೋ ಗುಲಾಮಗಿರಿಯೋ? ಎರಡೂ ಹೌದು. ಅದೇ ತೊಡಕು. ಗರಿ ಉರಿಸಿ, ಚರ್ಮ ಕಾಯಿಸಿ, ಬೆರಳಿನಿಂದ ಮುಟ್ಟಿ ಹದ ನೋಡುವಾಗ ಅವನು ಉಸ್ತಾದ. ಬಡಿತ ನಿಂತ ಮೇಲೆ ಬದಿಗೆ ಕೂರಬೇಕಾದವನು.

ಅಪ್ಪನಿಗೆ ಸಿಟ್ಟು ಬಂತು. 1970ರ ದಶಕದಲ್ಲಿ ಪ್ರೊ. ಬಿ. ಕೃಷ್ಣಪ್ಪನವರು ಮುಂದೆ ನಿಂತು ಕಟ್ಟಿದ ದಲಿತ ಸಂಘರ್ಷ ಸಮಿತಿಯ ಮಾತು ಹಳ್ಳಿ ಹಳ್ಳಿಗೆ ಮುಟ್ಟಿದ ಮೇಲೆ ಹುಟ್ಟಿದ ತಲೆಮಾರು ಅದು. ‘ಇನ್ನು ಬಡಿಯಲ್ಲ’ ಎಂದು ಅಪ್ಪ ತಮಟೆಯನ್ನು ಅಟ್ಟಕ್ಕೆ ಹಾಕಿದ. ಅಷ್ಟಕ್ಕೇ ಆ ವರ್ಷ ನಮ್ಮ ಮನೆಯವರನ್ನು ಯಾರೂ ಹೊಲಕ್ಕೆ ಕರೆಯಲಿಲ್ಲ. ಅಂಗಡಿಯವನು ಸಾಲ ಕೊಡಲಿಲ್ಲ. ಅವ್ವ ಈಗಲೂ ಹೇಳುತ್ತಾಳೆ: “ನಿಮ್ಮಪ್ಪ ತಮಟೆ ಇಟ್ಟ, ಒಲೆ ಆರಿತು.”

ಇಲ್ಲಿ ಗಮನಿಸಿ. ಕುಣಿಸುವವನು ಸಿಟ್ಟಾದ. ಗಿಟಾರು ಎತ್ತಿಕೊಳ್ಳಲಿಲ್ಲ, ಕೂಗಲಿಲ್ಲ. ಬಡಿಯುವುದನ್ನು ನಿಲ್ಲಿಸಿದ, ಅಷ್ಟೇ. ನಮ್ಮ ಕೇರಿಗಳ ಪಂಕ್ ಅಂದರೆ ಆ ಮೌನ. ಅದನ್ನು ಯಾರೂ ತಟ್ಟೆ ಮಾಡಿ ಮಾರಲಿಲ್ಲ, ಯಾವ ವಿಮರ್ಶಕನೂ ಅಚ್ಚರಿಪಡಲಿಲ್ಲ. ಊರು ಮಾತ್ರ ಅದನ್ನು ಸರಿಯಾಗಿ ಕೇಳಿಸಿಕೊಂಡಿತು, ಸರಿಯಾಗಿಯೇ ಶಿಕ್ಷೆ ಕೊಟ್ಟಿತು.

ಇನ್ನೊಂದು ಕಡೆ ಅದೇ ತಮಟೆ ಚಳವಳಿಯ ಮೆರವಣಿಗೆಗೆ ಬಂತು. ಜಾಥಾಗಳಲ್ಲಿ, ಬೀದಿನಾಟಕಗಳಲ್ಲಿ ಹೆಣದ ಮುಂದಿನ ಬಡಿತ ಹೋರಾಟದ ಬಡಿತವಾಯಿತು. ಇದು ದೊಡ್ಡ ಸಂಗತಿಯೇ. ಆದರೆ ಇಲ್ಲಿ ನಮ್ಮದೊಂದು ತಪ್ಪೂ ಇದೆ. ‘ಬಿಡು, ಅದು ಗುಲಾಮಗಿರಿ’ ಎಂದು ಒಂದು ಗುಂಪು, ‘ಬಡಿ, ಆದರೆ ಹೋರಾಟಕ್ಕೆ ಮಾತ್ರ ಬಡಿ’ ಎಂದು ಇನ್ನೊಂದು ಗುಂಪು ಅಪ್ಪಣೆ ಕೊಟ್ಟವು. ಬಡಿಯುವವನನ್ನು ಯಾರೂ ಕೇಳಲಿಲ್ಲ. ಡಿ.ಆರ್. ನಾಗರಾಜ್ 1993ರ ‘ದಿ ಫ್ಲೇಮಿಂಗ್ ಫೀಟ್’ನಲ್ಲಿ ಎತ್ತಿದ ಪ್ರಶ್ನೆ ಇದಕ್ಕೆ ಹತ್ತಿರದ್ದು. ಅವಮಾನದ ನೆನಪನ್ನು ಕಳಚುವ ಭರದಲ್ಲಿ ದಲಿತ ಚಳವಳಿ ತನ್ನದೇ ಸಮುದಾಯದ ದೇವರು, ಕಲೆ, ಕಥೆಗಳ ಸಂಪತ್ತನ್ನೂ ಹೊರಗೆಸೆಯುವ ಅಪಾಯವನ್ನು ಅವರು ಗುರುತಿಸಿದ್ದರು. ಆ ಮಾತನ್ನು ಅರ್ಧಕ್ಕೆ ಒಪ್ಪುತ್ತೇನೆ. ಇನ್ನರ್ಧಕ್ಕೆ ಅಪ್ಪನ ಅಟ್ಟದ ತಮಟೆ ಅಡ್ಡ ನಿಲ್ಲುತ್ತದೆ. ಸಂಪತ್ತು ಸರಿ, ಅದನ್ನು ಹೊರುವವನ ಹೆಗಲು ಯಾರದ್ದು ಸ್ವಾಮಿ?

ಹೊರಳುವುದಕ್ಕೂ ಒಂದು ನೆಲ ಬೇಕು. ಪಾವಗಡದ ತಿರುಮಣಿ ಕಡೆ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕು ಎದ್ದಾಗ ಇದು ಕಣ್ಣಿಗೆ ಕಂಡಿತು. ಹೊಲ ಇದ್ದವರು ಬೇಸಾಯದಿಂದ ಬಾಡಿಗೆಗೆ ಹೊರಳಿದರು. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಹೊರಳಲು ಜಾಗವಿರಲಿಲ್ಲ, ಬಸ್ಸು ಹತ್ತಿದರು. ಕಲೆಯಲ್ಲೂ ಹಾಗೆಯೇ. ಮೊಬಿಯ ಮುಂದಿನ ಕಥೆ ಇಲ್ಲಿ ಬರಬೇಕು.

‘ಅನಿಮಲ್ ರೈಟ್ಸ್’ ಸೋತ ಮೇಲೆ ಅವನ ಕಥೆ ಮುಗಿಯಿತು ಎಂದರು. ಆದರೆ 1999ರಲ್ಲಿ ‘ಪ್ಲೇ’ ಬಂತು. ಜಗತ್ತಿನಾದ್ಯಂತ ಒಂದು ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಯಿತು. ಅದರ ಎಲ್ಲ ಹಾಡುಗಳೂ ಜಾಹೀರಾತಿಗೋ ಸಿನಿಮಾಕ್ಕೋ ಟಿ.ವಿ.ಗೋ ಬಾಡಿಗೆಗೆ ಹೋದವು. ಆ ಗೆಲುವು ನಿಂತದ್ದು ಯಾರ ದನಿಯ ಮೇಲೆ? ಅದರ ಬಹು ಪ್ರಸಿದ್ಧ ಹಾಡುಗಳಲ್ಲೊಂದರಲ್ಲಿ ಕೇಳುವುದು ವೆರಾ ಹಾಲ್ ಎಂಬ ಕಪ್ಪು ಹೆಂಗಸಿನ ಕಂಠ. ಅಲಬಾಮಾ ರಾಜ್ಯದ ಈಕೆ ಅಡುಗೆ ಮಾಡಿ, ಬಟ್ಟೆ ಒಗೆದು ಬದುಕಿದವಳು. 1930ರ ದಶಕದಲ್ಲಿ ಜಾನ್ ಲೋಮ್ಯಾಕ್ಸ್, ಆಮೇಲೆ ಅವನ ಮಗ ಅಲನ್ ಲೋಮ್ಯಾಕ್ಸ್ ಆಕೆಯ ಹಾಡುಗಳನ್ನು ಜಾನಪದವೆಂದು ಧ್ವನಿಮುದ್ರಿಸಿಕೊಂಡರು. 1964ರಲ್ಲಿ ಆಕೆ ಸತ್ತಳು. ಮೂವತ್ತೈದು ವರ್ಷದ ನಂತರ ಆ ದನಿ ಮೊಬಿಯ ಯಂತ್ರದೊಳಗೆ ಮತ್ತೆ ಹಾಡಿತು.

ಮೊಬಿಯನ್ನು ಕಳ್ಳ ಎಂದು ಕೂಗುವುದು ನನ್ನ ಉದ್ದೇಶವಲ್ಲ. ಅವನು ಆ ದನಿಗಳನ್ನು ಪ್ರೀತಿಸಿದ್ದ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ನಾನು ತೋರಿಸುತ್ತಿರುವುದು ವ್ಯವಸ್ಥೆಯನ್ನು. ಬಿಳಿಯ ಕಲಾವಿದ ಸಿಟ್ಟಾಗಿ ಬಿದ್ದಾಗ ಅವನನ್ನು ಮೇಲೆತ್ತಿದ್ದು ಸಿಟ್ಟಾಗಲು ಅವಕಾಶವೇ ಇಲ್ಲದಿದ್ದ ಕಪ್ಪು ಹೆಂಗಸಿನ ದನಿ. ಅವನು ಬಡತನ ಕಂಡವನೇ, ಒಪ್ಪುತ್ತೇನೆ. ಆದರೆ ಬಡತನ ಬೇರೆ, ಹೊರಗಿಡುವುದು ಬೇರೆ. ಅವನ ಸೋಲು ಒಂದು ಆಲ್ಬಮ್ಮಿನ ಸೋಲು. ಅಪ್ಪನ ಸೋಲು ಒಲೆಯದ್ದು. ನಮ್ಮಲ್ಲೂ ಕ್ಯಾಸೆಟ್ಟಿನ ಕಾಲದಿಂದ ‘ಸಾಹಿತ್ಯ: ಜನಪದ’ ಎಂದು ಅಚ್ಚಾಗುತ್ತಾ ಬಂದಿದೆ. ಆ ‘ಜನಪದ’ ಎಂಬ ಶಬ್ದದ ಕೆಳಗೆ ಎಷ್ಟು ವೆರಾ ಹಾಲ್‌ಗಳು ಹೂತುಹೋಗಿದ್ದಾರೋ! ಸಂಗ್ರಹಿಸಿದವರ ಹೆಸರಿದೆ, ಹಾಡಿದವರ ಹೆಸರು ಎಷ್ಟೋ ಕಡೆ ಇಲ್ಲ.

ಆ ಸೋತ ಆಲ್ಬಮ್ಮಿನ ಹೆಸರಿನ ಬಗ್ಗೆಯೂ ಒಂದು ಮಾತು ಹೇಳಬೇಕು: ಪ್ರಾಣಿಗಳ ಹಕ್ಕು. ಮೊಬಿ 1980ರ ದಶಕದಿಂದಲೂ ಹಾಲನ್ನೂ ಮುಟ್ಟದ ಸಸ್ಯಾಹಾರಿ. ಅವನ ದೇಶದಲ್ಲಿ ಅದು ದೈತ್ಯ ಮಾಂಸ ಕಂಪನಿಗಳ ವಿರುದ್ಧದ ಸಿಟ್ಟು. ಅದನ್ನು ಹಾಗೇ ತಂದು ಸಿರಾದ ಸಂತೆಯಲ್ಲಿ ಇಳಿಸಿದರೆ ಅರ್ಥವೇ ಬೇರೆಯಾಗುತ್ತದೆ. ಇಲ್ಲಿ ಪ್ರಾಣಿದಯೆ ಎಂಬುದು ಮೇಲಿನವರ ಕೈಯಲ್ಲಿ ತಿನ್ನುವವನನ್ನು ಅಳೆಯುವ ಕೋಲಾಗಿದೆ. 2016ರ ಜುಲೈನಲ್ಲಿ ಗುಜರಾತಿನ ಊನಾದಲ್ಲಿ ಸತ್ತ ಹಸುವಿನ ಚರ್ಮ ಸುಲಿದದ್ದಕ್ಕೆ ದಲಿತರನ್ನು ಕಟ್ಟಿ ಹೊಡೆದರು. ಕರ್ನಾಟಕದಲ್ಲಿ 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ 2021ರಲ್ಲಿ ಜಾರಿಗೆ ಬಂತು. ತಮಟೆ ಅಂದರೆ ಚರ್ಮ. ಸತ್ತ ಪ್ರಾಣಿಯನ್ನು ಹೊತ್ತು, ಸುಲಿದು, ಹದ ಮಾಡಿ, ಅದಕ್ಕೆ ಮತ್ತೆ ದನಿ ಕೊಟ್ಟವರು ನಮ್ಮವರು. ಪ್ರಾಣಿಯ ಜೊತೆ ಇಷ್ಟು ಹತ್ತಿರದ ಸಂಬಂಧ ಇರುವವನಿಗೆ ದಯೆಯ ಪಾಠ ಹೇಳುವವನು ಚರ್ಮದ ಚಪ್ಪಲಿ ಮೆಟ್ಟಿ ಬರುತ್ತಾನೆ. ಅಂದರೆ ಸಿಟ್ಟು ಎಂಬುದು ತನ್ನಷ್ಟಕ್ಕೆ ಕ್ರಾಂತಿಕಾರಿಯಲ್ಲ. ಯಾರ ಸಿಟ್ಟು, ಯಾರ ಮೇಲೆ, ಯಾವ ಮೆಟ್ಟಿಲ ಮೇಲೆ ನಿಂತು ಎಂದು ಕೇಳಬೇಕು. ಪಂಕ್ ಎಂದ ತಕ್ಷಣ ತಲೆಬಾಗುವ ಅಗತ್ಯವಿಲ್ಲ.

ಈಗ ನಮ್ಮ ಹುಡುಗರ ಮಾತು. ಇತ್ತೀಚೆಗೆ ನಮ್ಮ ಕಡೆಯ ಜಾತ್ರೆ, ಮದುವೆ, ಅಂಬೇಡ್ಕರ್ ಜಯಂತಿಗಳಲ್ಲಿ ಡಿಜೆ ಬಂದಿದೆ. ಟ್ರಾಕ್ಟರ್ ಮೇಲೆ ಆಳೆತ್ತರದ ಡಬ್ಬ, ಎದೆ ನಡುಗಿಸುವ ಬಡಿತ. ಬಾಬಾಸಾಹೇಬರ ಹಾಡಿಗೆ ಟೆಕ್ನೊ ತಾಳ ಕೂಡಿಸಿ ಹುಡುಗರು ಕುಣಿಯುತ್ತಾರೆ. ಹಿರಿಯ ಕಾರ್ಯಕರ್ತರಿಗೆ ಇದು ಸೇರುವುದಿಲ್ಲ. “ವಿಚಾರ ಎಲ್ಲೋಯ್ತು? ಬರೀ ಕುಣ್ತ” ಎನ್ನುತ್ತಾರೆ. ನನಗೂ ಮೊದಲು ಹಾಗೇ ಅನ್ನಿಸಿತ್ತು. ತಮಟೆಯವರ ಕೈಗೆ ಬರುತ್ತಿದ್ದ ನಾಲ್ಕು ಕಾಸನ್ನೂ ಡಬ್ಬ ಕಿತ್ತುಕೊಳ್ಳುತ್ತಿದೆ ಎಂಬುದು ನಿಜವೇ. ಆದರೆ ಊರಿನ ನಡುಬೀದಿಯಲ್ಲಿ, ತಾತ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುತ್ತಿದ್ದ ಬೀದಿಯಲ್ಲಿ, ಮೊಮ್ಮಗ ನೀಲಿ ಬಾವುಟ ಹಿಡಿದು ಕುಣಿಯುವುದನ್ನು ‘ಬರೀ ಕುಣಿತ’ ಎಂದು ತಳ್ಳಿಹಾಕುವ ಧೈರ್ಯ ಈಗ ನನಗಿಲ್ಲ. ಊರನ್ನು ಕುಣಿಸುತ್ತಿದ್ದವರ ಮಕ್ಕಳು ಇವರು. ಮೊದಲ ಬಾರಿಗೆ ತಮಗಾಗಿ ಕುಣಿಯುತ್ತಿದ್ದಾರೆ. 2018ರ ಜನವರಿಯಲ್ಲಿ ಚೆನ್ನೈನಲ್ಲಿ ವೇದಿಕೆ ಹತ್ತಿದ ‘ಕ್ಯಾಸ್ಟ್‌ಲೆಸ್ ಕಲೆಕ್ಟಿವ್’ ತಂಡ ಸಾವಿನ ಮನೆಯ ಗಾನಾ ಹಾಡು, ರಾಕ್, ರ‍್ಯಾಪ್ ಎಲ್ಲವನ್ನೂ ಕಲಸಿ ಜಾತಿಯ ವಿರುದ್ಧ ಹಾಡಿದಾಗ ಯುವಕರು ಕುಣಿಯುತ್ತಲೇ ಕೇಳಿಸಿಕೊಂಡರು. ಕುಣಿತ ಮತ್ತು ಸಿಟ್ಟು ಅಲ್ಲಿ ಒಂದೇ ಮೈಯಲ್ಲಿದ್ದವು. ಮೊಬಿಗೆ ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗಬೇಕಾಗಿ ಬಂತು. ನಮ್ಮವರಿಗೆ ಆ ಆಯ್ಕೆ ಮಾಡುವ ಅಗತ್ಯವೇ ಇಲ್ಲ.

ಹಾಗಾದರೆ ದಲಿತ ವಿಮರ್ಶೆಯ ಕೆಲಸವೇನು? ಕಲಾವಿದ ಯಾಕೆ ಬದಲಾದ ಎಂದು ಬೆರಗಾಗುವುದಲ್ಲ. ಬದಲಾಗುವ ಹಕ್ಕು ಯಾರಿಗಿತ್ತು, ಅದರ ಬೆಲೆ ಯಾರು ತೆತ್ತರು, ಬಿದ್ದಾಗ ಹಿಡಿಯಲು ಯಾರಿದ್ದರು ಎಂದು ಕೇಳುವುದು. ಈ ಪ್ರಶ್ನೆಯನ್ನು ಮೇಲ್ಜಾತಿಯ ವಿಮರ್ಶಕರಿಗಷ್ಟೇ ಕೇಳಿದರೆ ಸಾಲದು. ಕೊರಟಗೆರೆ ಮತ್ತು ಪಾವಗಡ ಎರಡೂ ಮೀಸಲು ಕ್ಷೇತ್ರಗಳು. ಅಧಿಕಾರ ನಮ್ಮವರ ಕೈಗೆ ಬಂದದ್ದನ್ನು ಕಂಡಿದ್ದೇವೆ. ನಮ್ಮದೇ ವೇದಿಕೆಗಳಿವೆ, ಸಮ್ಮೇಳನಗಳಿವೆ. ಅಲ್ಲಿ ನಡೆಯುವುದನ್ನು ನೋಡಿ. ‘ತಮಟೆ ಬಾರಿಸುವುದರ ಮೂಲಕ ಉದ್ಘಾಟನೆ.’ ಮುಖ್ಯ ಅತಿಥಿಗಳು ಬಂದು ತಮಟೆಯನ್ನು ಕೊರಳಿಗೆ ಹಾಕಿಕೊಂಡು ನಾಲ್ಕು ಪೆಟ್ಟು ಬಡಿಯುತ್ತಾರೆ, ಫೋಟೋ ಆಗುತ್ತದೆ, ಚಪ್ಪಾಳೆ. ಆಮೇಲೆ ತಮಟೆಯನ್ನು ಅದರ ಯಜಮಾನನ ಕೈಗೆ ಕೊಟ್ಟು, ‘ನೀವು ಕೆಳಗೆ ಕೂತ್ಕಳ್ಳಿ’ ಎನ್ನುತ್ತೇವೆ. ಕಳೆದ ವರ್ಷ ಒಂದು ವಿಚಾರ ಸಂಕಿರಣದಲ್ಲಿ ಹಾಗೆ ಹೇಳಿದವನು ನಾನೇ. ಕಾರ್ಯಕ್ರಮ ತಡವಾಗಿತ್ತು. ಆತ ಏನೂ ಅನ್ನಲಿಲ್ಲ, ಇಳಿದುಹೋದ. ಅಂದು ಮಧ್ಯಾಹ್ನ ನಾನು ಓದಿದ ಪ್ರಬಂಧದ ವಿಷಯ ‘ದಲಿತ ಕಲೆಯ ಘನತೆ.’

ಮುಂದಿನ ಸಲ ಅವನ ಹೆಸರನ್ನು ಆಮಂತ್ರಣ ಪತ್ರಿಕೆಯಲ್ಲಿ ಅಚ್ಚು ಹಾಕಿಸಬೇಕು, ಉಪನ್ಯಾಸಕನಿಗೆ ಕೊಡುವಷ್ಟೇ ಸಂಭಾವನೆ ಕೊಡಬೇಕು, ಏನು ಬಡಿಯಬೇಕು, ಎಷ್ಟು ಹೊತ್ತು ಬಡಿಯಬೇಕು ಎಂಬುದನ್ನು ಅವನಿಗೇ ಬಿಡಬೇಕು. ಅವನು ಕುಣಿಸಬಹುದು. ನಮ್ಮ ಮೇಲೆಯೇ ಸಿಟ್ಟಾಗಬಹುದು. ‘ಬಡಿಯಲ್ಲ’ ಎನ್ನಲೂಬಹುದು. ಆಗ ಅಚ್ಚರಿಪಡದೆ ಕೂತು ಕೇಳಿಸಿಕೊಳ್ಳುವುದನ್ನು ನಾವು ಕಲಿಯಬೇಕಾಗಿದೆ.